ಚಕ್ರದ ಹಿಂದಿನ ಖಾಲಿ ಜಾಗ

ಷೆಡ್ಡಿಗೆ ಹೊಸ ಗಾಡಿ ಬಂದರೆ ಎಲ್ಲರೂ ಬಾನೆಟ್ ಎತ್ತಿ ನೋಡುತ್ತಾರೆ. ನಾನು ನೆಲಕ್ಕೆ ರಟ್ಟು ಹಾಸುತ್ತಿದ್ದೆ. ಚೂಡಿದಾರದ ಮೇಲೆ ಖಾಕಿ ಕೋಟು, ತಲೆಗೆ ಟವೆಲು, ಕೈಯಲ್ಲಿ ಸೀಮೆಸುಣ್ಣ. ಅಂಗಾತ ಮಲಗಿ, ಹಿಮ್ಮಡಿಯಿಂದ ನೂಕಿಕೊಂಡು ಗಾಡಿಯ ಕೆಳಗೆ ಜಾರಿದರೆ ಐದು ನಿಮಿಷ ಯಾರೊಂದಿಗೂ ಮಾತಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಬೇಕು. ಆಮೇಲೆ ಒಂದೊಂದಾಗಿ ಕಾಣತೊಡಗುತ್ತದೆ. ಉದ್ದಕ್ಕೂ ಚಾಸಿಯ ಎರಡು ಉಕ್ಕಿನ ತೊಲೆಗಳು, ನಡುವೆ ತಿರುಗುವ ಶಾಫ್ಟು, ಒಂದು ಪಕ್ಕ ಸೈಲೆನ್ಸರು, ಹಿಂದೆ ಆಕ್ಸೆಲ್ಲು. ಇವುಗಳ ಆಚೀಚೆ, ಚಾಸಿಗೂ ಬಾಡಿಯ ಅಂಚಿಗೂ ನಡುವೆ, ಯಾರೂ ಗಮನಿಸದ ಜಾಗ. ಕಲ್ಲುಗಣಿಗೆ, ಕಾಡುದಾರಿಗೆ, ಗುಡ್ಡಕ್ಕೆ ಹೋಗುವ ಗಾಡಿಗಳು ಎತ್ತರವಾಗಿರುತ್ತವೆ. ಅವುಗಳ ಹೊಟ್ಟೆಯಡಿ ಒಂದು ಸಣ್ಣ ಅಡುಗೆಮನೆಯ ಸಾಮಾನು ಹಿಡಿಸುವಷ್ಟು ಜಾಗ ಸುಮ್ಮನೆ ಧೂಳು ಕುಡಿಯುತ್ತಿರುತ್ತದೆ.

ಆ ಜಾಗವನ್ನು ಹುಡುಕಿ ಅಲ್ಲೊಂದು ಡಬ್ಬ ತೂಗುಹಾಕುವುದು ನನ್ನ ಕಸುಬು. ಟೂಲ್ಸಿನ ಡಬ್ಬ, ನೀರಿನ ಟ್ಯಾಂಕು, ಅಡುಗೆ ಸಾಮಾನಿನ ಪೆಟ್ಟಿಗೆ, ಹಗ್ಗ ಸರಪಳಿ ಇಡುವ ಗೂಡು, ಏನು ಬೇಕೋ ಅದು. ಪೀಣ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದನ್ನೇ ಮಾಡಿದೆ. ಡ್ರೈವರುಗಳ ಬಾಯಲ್ಲಿ ನಾನು ಡಬ್ಬದ ಜಯಕ್ಕ. ಈಗ ಕತ್ತಿನ ಮೂಳೆ ಸವೆದಿದೆ. ಮಲಗಿ ತಲೆ ಎತ್ತಬಾರದು ಎಂದು ಡಾಕ್ಟರು ಹೇಳಿದ ಮೇಲೆ ಷೆಡ್ಡು ಬಿಟ್ಟುಕೊಟ್ಟೆ. ಅದನ್ನು ತೆಗೆದುಕೊಂಡವರು, "ಆಂಟಿ, ಏನಾದ್ರೂ ಟಿಪ್ಸ್ ಇದ್ರೆ ಬರೆದುಕೊಡಿ," ಎಂದರು. ಟಿಪ್ಸ್ ಎಂದರೆ ಎರಡು ಸಾಲು ಎಂದುಕೊಂಡಿದ್ದರೇನೋ. ಬರೆಯಲು ಕೂತರೆ ಬೇರೆಯದೇ ಬರುತ್ತಿದೆ.

ಮೊದಲು ನಾನು ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಷಾಪಿನಲ್ಲಿ ರಿಜೆಕ್ಷನ್ ಟೇಬಲ್ಲಿನ ಕೆಲಸಕ್ಕಿದ್ದೆ. ಹೊರಬಿದ್ದ ತಗಡಿನ ತುಂಡುಗಳನ್ನು ಅಳೆದು ಸರಿಯಿದ್ದದ್ದು ಈ ಕಡೆ, ತಪ್ಪಿದ್ದು ಆ ಕಡೆ. ನಮ್ಮ ಫೋರ್‌ಮನ್ ಬಾಯಿ ಬಿಟ್ಟರೆ ಬೈಗುಳ. ಆದರೆ ಒಂದು ಒಳ್ಳೆಯ ಅಭ್ಯಾಸ ಕಲಿಸಿದರು. "ಕಣ್ಣಲ್ಲಿ ಅಳೀಬೇಡ ಕಣಮ್ಮ, ಕಣ್ಣು ಸಂಬಳ ಕೊಡೋರ ಕಡೆ ವಾಲುತ್ತೆ," ಎನ್ನುತ್ತಿದ್ದರು. ಆ ಷಾಪು ಮುಚ್ಚಿದಾಗ ತಗಡು ಕತ್ತರಿಸುವ ಹಳೆಯ ಮೆಷಿನ್ನೊಂದನ್ನು ಮೂರು ದಿನ ಚೌಕಾಸಿ ಮಾಡಿ ನಾನು ಕೊಂಡೆ. ಕೊಂಡ ಮೇಲೆ ಗೊತ್ತಾಯಿತು, ಕತ್ತರಿಸಲು ನನಗೆ ಬರುತ್ತದೆ, ಬೆಸೆಯಲು ಬರುವುದಿಲ್ಲ. ಅದೇ ಷಾಪಿನ ವೆಲ್ಡರ್ ಅನ್ವರ್ ಭಾಯ್ ಮನೆ ಹುಡುಕಿಕೊಂಡು ಹೋದೆ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಮಾತು ಕಡಿಮೆ. ನನ್ನ ಭಾಷಣ ಪೂರ್ತಿ ಕೇಳಿ, "ಅಳತೆ ನಿಮ್ದು, ಬೆಸುಗೆ ನಮ್ದು. ಅದರಲ್ಲಿ ನಾವು, ಇದರಲ್ಲಿ ನೀವು ಕೈ ಹಾಕೋದು ಬೇಡ," ಎಂದರು. ಅಷ್ಟೇ ಕರಾರು. ಕಾಗದವಿಲ್ಲ.

ಮೊದಲ ಗಿರಾಕಿ ಮಲ್ಲಪ್ಪ. ಬಾಗಲಕೋಟೆ ಕಡೆಯವನು, ಕಲ್ಲುಗಣಿಯ ಟಿಪ್ಪರ್ ಓಡಿಸುತ್ತಿದ್ದ. ಗಣಿಯ ಹತ್ತಿರ ಹೋಟೆಲಿಲ್ಲ, ಇದ್ದರೂ ಅವನಿಗೆ ಅನ್ನ ಸೇರುವುದಿಲ್ಲ. ಸ್ಟವ್ವು, ಹಂಚು, ಜೋಳದ ಹಿಟ್ಟು ಇಡಲು ಗಾಡಿಯಲ್ಲೇ ಒಂದು ಜಾಗ ಬೇಕೆಂದ. ನಾನು ಕೆಳಗೆ ಜಾರಿ ನೋಡಿದೆ. ಎಡಪಕ್ಕ ಭರ್ಜರಿ ಜಾಗ. ಬಾಗಿಲು ಕೆಳಕ್ಕೆ ತೆರೆದರೆ ಅದೇ ರೊಟ್ಟಿ ಬಡಿಯುವ ಹಲಗೆಯಾಗುವಂತೆ ಡಬ್ಬ ಮಾಡಿದೆವು. ನನಗೆ ಆ ಹಲಗೆಯ ಮೇಲೆ ಎಷ್ಟು ಹೆಮ್ಮೆಯೆಂದರೆ, ಪಕ್ಕದ ಷೆಡ್ಡಿನವರನ್ನೆಲ್ಲ ಕರೆದು ತೋರಿಸಿದೆ. ಮೂರನೇ ದಿನ ಮಲ್ಲಪ್ಪ ವಾಪಸ್ಸು ಬಂದ.

"ಅಕ್ಕಾರ, ಡಬ್ಬಿ ಭಾಳ ಚಲೋ ಐತ್ರಿ. ಆದ್ರ ಒಳಗ ಬೆಲ್ಲ ಇಟ್ಟಿದ್ದೆ, ಪಾಕ ಆಗಿ ಸೋರಾಕತ್ತೈತಿ ನೋಡ್ರಿ."

ಬಗ್ಗಿ ನೋಡಿದರೆ ಡಬ್ಬದ ಬೆನ್ನಿಗೆ ಗೇಣು ದೂರದಲ್ಲಿ ಸೈಲೆನ್ಸರು. ನಾನು ಅಳೆದಾಗ ಗಾಡಿ ತಣ್ಣಗಿತ್ತು. ನನಗೆ ಹೊಳೆದೇ ಇರಲಿಲ್ಲ.

"ಒಂದ್ ಕೆಲ್ಸ ಮಾಡ್ರಿ," ಎಂದ ಮಲ್ಲಪ್ಪ, "ಸ್ಟೋ ತಗದಬಿಡ್ತೀನಿ. ಇದರ ಮ್ಯಾಲನ ರೊಟ್ಟಿ ಸುಡ್ತೀನಿ."

ಯಾವತ್ತೂ ನಗದ ಅನ್ವರ್ ಭಾಯ್ ಅವತ್ತು ಬೆಸುಗೆಯ ಮುಖವಾಡದೊಳಗೇ ನಕ್ಕರು. "ಜಯಮ್ಮ, ಡಬ್ಬ ಬಿಡಿ, ಹೋಳಿಗೆ ಅಂಗಡಿ ಇಡೋಣ," ಎಂದರು. ಡಬ್ಬವನ್ನು ಬಲಗಡೆಗೆ ಬದಲಾಯಿಸಿದೆವು. ಎರಡು ದಿನ ಷೆಡ್ಡಿಗೆಲ್ಲ ಬೆಲ್ಲದ ಇರುವೆ.

ಅಲ್ಲಿಂದ ನಾನು ಕಲಿತದ್ದನ್ನು ಹೇಳುತ್ತೇನೆ, ಬರೆದುಕೊಳ್ಳಿ. ಗಾಡಿ ನಿಂತಿರುವಾಗ ಮಾತ್ರ ಆ ಜಾಗ ಖಾಲಿ. ಓಡುವಾಗ ಅಲ್ಲಿ ಬಿಸಿ ಬರುತ್ತದೆ, ಕೆಸರು ಬರುತ್ತದೆ, ಶಾಫ್ಟು ಕುಣಿಯುತ್ತದೆ, ಚಕ್ರ ಬರುತ್ತದೆ. ಗಾಡಿಯನ್ನು ಒಂದು ಸುತ್ತು ಓಡಿಸಿ, ಬಿಸಿಯಿರುವಾಗಲೇ ಕೈ ಹಿಡಿದು ನೋಡಿ. ಡಬ್ಬವನ್ನು ಚಾಸಿಗೆ ಬೆಸೆಯಬೇಡಿ. ಕ್ಲಾಂಪು ಹಾಕಿ, ನಡುವೆ ರಬ್ಬರ್ ಕೊಟ್ಟು, ಬೋಲ್ಟು ಬಿಗಿಯಿರಿ. ಚಾಸಿ ಬಳುಕುತ್ತದೆ, ಬಳುಕಲು ಬಿಡಬೇಕು. ಹಿಂದಿನ ಚಕ್ರದಾಚೆ ಏನಾದರೂ ತೂಗುಹಾಕಿದರೆ ಕೆಳಅಂಚನ್ನು ಓರೆಯಾಗಿ ಕತ್ತರಿಸಿ. ಇಲ್ಲವಾದರೆ ಗಾಡಿ ಬಂಡೆಯಿಂದ ಇಳಿಯುವಾಗ ಮೊದಲು ನೆಲ ಮುಟ್ಟುವುದು ನಿಮ್ಮ ಡಬ್ಬವೇ.

ಇನ್ನು ಕಲ್ಲಿನ ವಿಷಯ. ಇದು ಅನ್ವರ್ ಭಾಯ್ ಹಾಕಿಕೊಟ್ಟ ಪದ್ಧತಿ. ಗಣಿಯವರಿಂದ ಮೊಣಕಾಲೆತ್ತರದ, ಮೆಟ್ಟಿಲಿನ ಹಾಗೆ ಕಡಿದ ಒಂದು ಕಲ್ಲು ತರಿಸಿ ಷೆಡ್ಡಿನ ಹಿಂದೆ ಹಾಕಿಸಿದ್ದರು. ಯಾವುದೇ ಡಬ್ಬಕ್ಕೆ ತಗಡು ಕತ್ತರಿಸುವ ಮುಂಚೆ, ಅದೇ ಅಳತೆಯ ರಟ್ಟಿನ ಡಬ್ಬ ಮಾಡಿ ಗಾಡಿಯ ಕೆಳಗೆ ಕಟ್ಟಬೇಕು. ಗಾಡಿಗೆ ಮರಳು ಮೂಟೆ ಹೇರಬೇಕು. ಆಮೇಲೆ ಹಿಂದಿನ ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಬೇಕು, ಆಮೇಲೆ ಇನ್ನೊಂದನ್ನು. ಭಾರ ಬಿದ್ದಾಗ ಆಕ್ಸೆಲ್ಲಿನ ಸ್ಪ್ರಿಂಗಾಗಿರುವ ಕಮಾನು ಪಟ್ಟಿ ಚಪ್ಪಟೆಯಾಗಿ ಉದ್ದವಾಗುತ್ತದೆ. ಆಗ ಚಕ್ರ ಬರೀ ಮೇಲಕ್ಕೆ ಏರುವುದಿಲ್ಲ, ಹಿಂದಕ್ಕೂ ಸರಿಯುತ್ತದೆ. ಮಟ್ಟಸ ನೆಲದಲ್ಲಿ ನಿಂತ ಗಾಡಿ ಈ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ರಟ್ಟು ನಜ್ಜುಗುಜ್ಜಾದರೆ ಡಬ್ಬ ಚಿಕ್ಕದು ಮಾಡಿ. ರಟ್ಟಿಗೆ ಏನೂ ಆಗದಿದ್ದರೆ ತಗಡು ಕತ್ತರಿಸಿ. ಇದಕ್ಕೆ ಅರ್ಧ ದಿನ ಬೇಕು. ಕಲ್ಲು ಹತ್ತಿಸದೆ ಭಾಯ್ ಬೆಸುಗೆಯ ಕಡ್ಡಿ ಮುಟ್ಟುತ್ತಿರಲಿಲ್ಲ.

ನನಗೆ ಆ ಅರ್ಧ ದಿನದ ಮೇಲೇ ಕಣ್ಣು. ನಾನು ಚೌಕಾಸಿಯ ಹೆಂಗಸು. ದರದಲ್ಲಿ ಬಗ್ಗದ ಗಿರಾಕಿಯನ್ನು ದಿನದಲ್ಲಿ ಬಗ್ಗಿಸುತ್ತಿದ್ದೆ. "ಬೇರೆಯವರು ವಾರ ಅಂತಾರೆ ಸಾರ್, ನಾನು ಮೂರು ದಿನಕ್ಕೆ ಕೊಡ್ತೀನಿ." ಇದೇ ನನ್ನ ಬಾಣ. ಇನ್ನೊಂದು ಬಾಣವೂ ಇತ್ತು. ಏನಾದರೂ ಎಡವಟ್ಟಾದರೆ ಅಲ್ಲಿ ಇಲ್ಲದವರ ತಲೆಗೆ ಕಟ್ಟುವುದು. ಬಣ್ಣ ಕಿತ್ತರೆ ಪೌಡರ್ ಕೋಟಿಂಗಿನವನು, ತಡವಾದರೆ ತಗಡಿನ ವ್ಯಾಪಾರಿ. ಪೀಣ್ಯದಲ್ಲಿ ಎಲ್ಲರೂ ಹೀಗೆ ಮಾಡುತ್ತಾರೆ, ನನ್ನನ್ನು ಯಾರೂ ಬೈಯಲಿಲ್ಲ.

ವರ್ಷ ಕಳೆದ ಹಾಗೆ ಗಿರಾಕಿಗಳು ಬದಲಾದರು. ಟಿಪ್ಪರುಗಳ ಜೊತೆಗೆ ವೈಟ್‌ಫೀಲ್ಡ್, ಬೆಳ್ಳಂದೂರಿನ ಕಂಪ್ಯೂಟರ್ ಕಂಪನಿಗಳವರು ಎತ್ತರದ ಪಿಕಪ್ ಗಾಡಿ ತರತೊಡಗಿದರು. ವಾರವಿಡೀ ಕುರ್ಚಿಯಲ್ಲಿ ಕೂತು, ಭಾನುವಾರ ಬಂಡೆ ಹತ್ತುವುದು ಅವರ ಹುಚ್ಚು. ಅವರ ಪೈಕಿ ಕುಂದಲಹಳ್ಳಿಯ ವಿವೇಕ್ ಸಾರ್ ಮುಂದಾಳು. ಹತ್ತು ಹನ್ನೆರಡು ಗಾಡಿಗಳ ಗುಂಪು, ಫೋನಿನಲ್ಲಿ ಅವರದೇ ಗ್ರೂಪು. ಅಲ್ಲಿ ಒಬ್ಬರು ಹೊಗಳಿದರೆ ಎಲ್ಲ ಗಾಡಿಯೂ ನನ್ನ ಷೆಡ್ಡಿಗೆ.

ಒಂದು ಬುಧವಾರ ವಿವೇಕ್ ಸಾರ್ ಬಂದು, ಹಿಂದಿನ ಚಕ್ರದಾಚೆ ಕುಡಿಯುವ ನೀರಿನ ಟ್ಯಾಂಕು ಬೇಕೆಂದರು. ಶನಿವಾರ ಅವರ ಗುಂಪು ದೂರದ ಪ್ರವಾಸಕ್ಕೆ ಹೊರಡುವುದಿತ್ತು.

"ಶುಕ್ರವಾರ ಸಂಜೆಗೆ ಆಗುತ್ತಾ ಅಕ್ಕ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ."

"ಆಗಲ್ಲ ಅನ್ನೋ ಮಾತು ನಮ್ಮ ಷೆಡ್ಡಲ್ಲಿ ಎಲ್ಲಿದೆ ಸಾರ್?" ಎಂದೆ.

ಅನ್ವರ್ ಭಾಯ್ ಎರಡು ದಿನ ನೆಂಟರ ಮದುವೆಗೆ ಕೋಲಾರಕ್ಕೆ ಹೋಗಿದ್ದರು. ನಾನು ಮಟ್ಟಸ ನೆಲದಲ್ಲಿ ಮಲಗಿ ಅಳೆದೆ. ಮೂಟೆ ಹೇರುವವರು ಯಾರು, ಕಲ್ಲು ಹತ್ತಿಸುವವರು ಯಾರು. ಇಷ್ಟು ವರ್ಷದ ಕಣ್ಣು ನನ್ನದು ಎಂದುಕೊಂಡು ತಗಡು ಕತ್ತರಿಸಿಬಿಟ್ಟೆ. ಮರುದಿನ ಮಧ್ಯಾಹ್ನ ಭಾಯ್ ಬಂದರು. ಕತ್ತರಿಸಿಟ್ಟ ತುಂಡುಗಳನ್ನು ನೋಡಿ ಒಂದೇ ಮಾತು ಕೇಳಿದರು.

"ಕಲ್ಲು ಹತ್ತಿಸಿದ್ರಾ?"

"ಹೂಂ, ಹತ್ತಿಸಿದೆ," ಎಂದೆ.

ಅವರು ಮುಖವಾಡ ಇಳಿಸಿ ಬೆಸೆಯಲು ಕೂತರು.

ಪ್ರವಾಸ ಮುಗಿಸಿ ವಿವೇಕ್ ಸಾರ್ ಬಂದದ್ದೂ ಒಂದು ಶುಕ್ರವಾರ. ಭಾಯ್ ನಮಾಜಿಗೆ ಹೋಗಿದ್ದರು. ಸಾರ್ ಜೊತೆ ಗುಂಪಿನ ಇನ್ನಿಬ್ಬರು. ಹರಿದ ಟ್ಯಾಂಕನ್ನು ನನ್ನ ಮುಂದೆ ಇಳಿಸಿದರು.

"ಫಸ್ಟ್ ಡೇನೇ ಹೋಯ್ತು ಅಕ್ಕ. ನೀರೆಲ್ಲ ಖಾಲಿ. ಬೇರೆಯವರ ಬಾಟ್ಲಿ ಬೇಡ್ಕೊಂಡು ಕುಡಿದ್ವಿ. ಏನ್ ವೆಲ್ಡಿಂಗ್ ಇದು?"

ನಾನು ಟ್ಯಾಂಕನ್ನು ಒಮ್ಮೆ ನೋಡಿದೆ, ಸಾಕಾಯಿತು. ಮುಂದಿನ ಮೂಲೆಯಲ್ಲಿ ಅರ್ಧಚಂದ್ರದ ಹಾಗೆ ಟೈರು ಉಜ್ಜಿದ ಕರಿ ಗುರುತು. ತಗಡು ಹರಿದಿದ್ದು ಅಲ್ಲಿ, ಬೆಸುಗೆಯಿಂದ ಎರಡು ಬೆರಳು ದೂರದಲ್ಲಿ. ಬೆಸುಗೆ ಮಾತ್ರ ಇರುವೆ ಸಾಲಿನ ಹಾಗೆ ನೆಟ್ಟಗೆ, ಕೂದಲೆಳೆಯಷ್ಟೂ ಬಿಟ್ಟುಕೊಡದೆ ಕೂತಿತ್ತು. ಚಕ್ರ ಹಿಂದಕ್ಕೆ ಸರಿದು ಬಂದಿದೆ. ಕಲ್ಲು ಹತ್ತಿಸಿದ್ದರೆ ಹತ್ತು ನಿಮಿಷದಲ್ಲಿ ರಟ್ಟು ಹೇಳುತ್ತಿತ್ತು.

ಪಕ್ಕದಲ್ಲಿ ನಿಂತ ಇಬ್ಬರು ನನ್ನ ಮುಖ ನೋಡುತ್ತಿದ್ದರು. ಅವರ ಗಾಡಿಗಳು ನನಗೆ ಬೇಕಿದ್ದವು. ಬಾಯಿ ತಾನಾಗಿ ಆಡಿತು.

"ಹೌದು ಸಾರ್, ವೆಲ್ಡಿಂಗಲ್ಲೇ ಎಡವಟ್ಟಾಗಿದೆ. ಹೊಸ ಟ್ಯಾಂಕ್ ಕೊಡ್ತೀನಿ. ನಿಮ್ಮ ಕೆಲಸಕ್ಕೆಲ್ಲ ಬೇರೆ ವೆಲ್ಡರ್ ಹಾಕ್ತೀನಿ."

ಸಮಾಧಾನವಾಗಿ ತಲೆಯಾಡಿಸಿ ಅವರು ಹೊರಟರು. ತಿರುಗಿ ನೋಡಿದರೆ ಷಟರಿನ ಹತ್ತಿರ ಅನ್ವರ್ ಭಾಯ್. ಟೋಪಿ ತೆಗೆದು ಮಡಚಿ ಜೇಬಿಗೆ ಇಡುತ್ತಿದ್ದರು. ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು ಬೆಸುಗೆಯ ಮೇಲೆ ಬೆರಳಾಡಿಸಿದರು, ಆಮೇಲೆ ಟೈರಿನ ಗುರುತಿನ ಮೇಲೆ. ನನ್ನನ್ನು ಒಮ್ಮೆ ನೋಡಿದರು. ಎದ್ದು, ಅರ್ಧಕ್ಕೆ ಬಿಟ್ಟಿದ್ದ ಬೋರ್‌ವೆಲ್ ಲಾರಿಯ ಡಬ್ಬ ಬೆಸೆದು ಮುಗಿಸಿದರು. ಅವತ್ತಿನ ಕೆಲಸವನ್ನು ಅವರು ಅರ್ಧಕ್ಕೆ ಬಿಡಲಿಲ್ಲ. ಸಂಜೆ ಚರ್ಮದ ಏಪ್ರನ್ ಮಡಚಿ ಕಂಕುಳಲ್ಲಿಟ್ಟುಕೊಂಡು ಹೇಳಿದರು:

"ನಾಳೆಯಿಂದ ಬರಲ್ಲ ಜಯಮ್ಮ."

"ಯಾಕೆ ಭಾಯ್?" ಎಂದು ಕೇಳಿದೆ. ಹೌದು, ಕೇಳಿದೆ.

"ಬೇರೆ ವೆಲ್ಡರ್ ಹಾಕ್ತೀನಿ ಅಂದ್ರಲ್ಲ."

ಕೆಲಸ ನಿಲ್ಲಲಿಲ್ಲ. ಬೇರೆ ವೆಲ್ಡರುಗಳು ಬಂದರು, ಹೋದರು. ವಿವೇಕ್ ಸಾರ್ ಗುಂಪಿನ ಗಾಡಿಗಳೆಲ್ಲ ಬಂದವು. ಅಲ್ಯೂಮಿನಿಯಂ ಬಂತು, ಲೇಸರಿನಲ್ಲಿ ತಗಡು ಕತ್ತರಿಸುವವರು ಪಕ್ಕದ ರಸ್ತೆಗೇ ಬಂದರು. ಈಗಿನವರು ಗಾಡಿಯ ಕೆಳಗೆ ಒಂದು ಯಂತ್ರ ಹಿಡಿದು ಸುತ್ತಾಡಿಸಿದರೆ ಕಂಪ್ಯೂಟರಿನಲ್ಲಿ ಇಡೀ ಹೊಟ್ಟೆ ಬಿಡಿಸಿಕೊಂಡು ಬರುತ್ತದೆ. ಕರಿ ಬಣ್ಣದ ರೆಡಿಮೇಡ್ ಡಬ್ಬ ಮನೆಬಾಗಿಲಿಗೆ ಪಾರ್ಸೆಲ್ ಬರುತ್ತದೆ. ಒಳ್ಳೆಯದೇ, ಕತ್ತು ಸವೆಯುವುದಿಲ್ಲ. ಆದರೆ ಆ ಯಂತ್ರವೂ ನಿಂತ ಗಾಡಿಯನ್ನೇ ನೋಡುತ್ತದೆ ಎಂಬುದು ನೆನಪಿರಲಿ.

ನನಗೆ ಮಾತ್ರ ಗಾಡಿಯ ಕೆಳಗೆ ಮಲಗಿದಾಗಲೆಲ್ಲ ಒಂದು ಸದ್ದು ಬೇಕೆನಿಸುತ್ತಿತ್ತು. ಮೊದಲೆಲ್ಲ ನಾನು ಕೆಳಗಿನಿಂದ "ಹದಿನಾಲ್ಕೂಕಾಲು!" ಎಂದು ಕೂಗಿದರೆ, ಭಾಯ್ ಹೊರಗಿನಿಂದ ಚಾಸಿಗೆ ಸುತ್ತಿಗೆಯಿಂದ ಒಮ್ಮೆ ಟಣ್ ಎಂದು ತಟ್ಟುತ್ತಿದ್ದರು. ಕೇಳಿಸಿತು, ಬರೆದುಕೊಂಡೆ ಎಂದರ್ಥ. ಆ ಸದ್ದು ಕಬ್ಬಿಣದಲ್ಲಿ ಹರಿದು ನನ್ನ ಬೆನ್ನಿನ ಕೆಳಗಿನ ನೆಲಕ್ಕೂ ಬರುತ್ತಿತ್ತು. ಹೊಸ ವೆಲ್ಡರುಗಳು "ಓಕೆ ಆಂಟಿ" ಎನ್ನುತ್ತಿದ್ದರು. ನಾನು ಅಂಕಿ ಕೂಗಿ ಒಂದು ಕ್ಷಣ ಸುಮ್ಮನೆ ಕಾಯುತ್ತಿದ್ದೆ. ಎರಡು ಸಲ ಮಾದನಾಯಕನಹಳ್ಳಿಯ ಬಸ್ಸು ಹತ್ತಿ, ಭಾಯ್ ಹೊಸ ಅಂಗಡಿಯ ಸ್ಟಾಪಿನಲ್ಲಿ ಇಳಿಯದೆ ಮುಂದೆ ಹೋಗಿ, ತಿರುಗಿ ಬಂದಿದ್ದೇನೆ.

ಅವರು ಅಲ್ಲಿದ್ದಾರೆಂದು ಹೇಳಿದ್ದು ಮಲ್ಲಪ್ಪ. ಕಿಟಕಿ ಗ್ರಿಲ್ಲು, ಗೇಟು ಮಾಡುತ್ತಿದ್ದಾರಂತೆ.

"ಲಾರಿ ಕೆಲ್ಸ ಯಾಕ ಬಿಟ್ರಂತ?" ಎಂದು, ಮುಂದೊಮ್ಮೆ ಅವನು ಷೆಡ್ಡಿಗೆ ಬಂದಾಗ, ಅವನ ಮಾತಿನ ಧಾಟಿಯಲ್ಲೇ ಕೇಳಿದೆ.

"ಬಿಡೂದೇನ್ರಿ ಅಕ್ಕಾರ, ಯಾರೂ ಕೊಡವಲ್ರು. ನೀರಿನ ಟ್ಯಾಂಕ್ ಒಡದ ವೆಲ್ಡರ್ ಅಂತ ಆ ಪಿಕಪ್ ಮಂದಿ ಫೋನಿನ್ಯಾಗ ಬರದಾರಂತ. ಗಣಿ ಸಾಹುಕಾರಗೂ ಅದ ಮುಟ್ಟೈತಿ. ನಂಬಾಕ ಆಗವಲ್ದು ನನಗ. ನನ್ನ ಡಬ್ಬಿ ಇನ್ನೂ ಗಟ್ಟಿ ಐತ್ರಿ."

ಭಾಯ್ ಹೋಗಿ ಆಗಲೇ ನಾಲ್ಕು ವರ್ಷ. ನಾನು ಒಬ್ಬ ಗಿರಾಕಿಯನ್ನು ಉಳಿಸಿಕೊಳ್ಳಲು ಆಡಿದ ಒಂದು ಮಾತು, ಲಾರಿಯವರ ನಡುವೆ ಆ ಮನುಷ್ಯನ ಹೆಸರನ್ನೇ ತಿಂದುಹಾಕಿತ್ತು. ಗ್ರಿಲ್ಲು ಕೀಳು ಕೆಲಸವಲ್ಲ. ಆದರೆ ಅಂಥ ಕೈ ಗ್ರಿಲ್ಲಿಗೆ ಹೋಗಿದ್ದು ನನ್ನಿಂದ.

ಹರಿದ ಟ್ಯಾಂಕು ಷೆಡ್ಡಿನ ಹಿಂದೆ ಹಾಗೇ ಬಿದ್ದಿತ್ತು. ಗುಜರಿಗೆ ಹಾಕಲು ಕೈ ಬಂದಿರಲಿಲ್ಲ. ಮುಂದಿನ ಭಾನುವಾರ ಅದನ್ನು ಗೂಡ್ಸ್ ಆಟೋಗೆ ಹಾಕಿಸಿ, ವೈಟ್‌ಫೀಲ್ಡಿನಾಚೆ ವಿವೇಕ್ ಸಾರ್ ಗುಂಪು ಸೇರುವ ಬಂಡೆ ಮೈದಾನಕ್ಕೆ ಹೋದೆ. ಹನ್ನೆರಡು ಗಾಡಿ, ಬಹುಪಾಲು ನನ್ನ ಡಬ್ಬಗಳೇ. ನನ್ನನ್ನು ನೋಡಿ ಖುಷಿಯಾಗಿ ಮುತ್ತಿಕೊಂಡರು.

"ಸಾರ್, ಒಂದು ಗಾಡಿಯ ಹಿಂದಿನ ಚಕ್ರ ಆ ಬಂಡೆ ಹತ್ತಿಸಿ. ಲೋಡ್ ಇರ್ಬೇಕು, ನಾಲ್ಕು ಜನ ಹಿಂದೆ ನಿಂತ್ಕೊಳ್ಳಿ," ಎಂದೆ. ಹರಿದ ಟ್ಯಾಂಕಿನ ಅಳತೆಯ ರಟ್ಟಿನ ಡಬ್ಬವನ್ನು ಅದೇ ಜಾಗಕ್ಕೆ ಕಟ್ಟಿದೆ. ಚಕ್ರ ಏರಿತು, ಹಿಂದಕ್ಕೆ ಸರಿಯಿತು, ರಟ್ಟಿನ ಮೂಲೆಯನ್ನು ಹಪ್ಪಳದ ಹಾಗೆ ಒತ್ತಿತು. ಪಕ್ಕದಲ್ಲಿ ಟ್ಯಾಂಕು ಇಟ್ಟು ಗುರುತು ತೋರಿಸಿದೆ.

"ಅಳತೆ ನಂದು, ತಪ್ಪು ನಂದು. ಬೆಸುಗೆ ನೋಡಿ, ಈಗ್ಲೂ ಹೇಗಿದೆ. ಅವತ್ತು ನಾನು ಸುಳ್ಳು ಹೇಳಿದೆ."

ವಿವೇಕ್ ಸಾರ್‌ಗೆ ಮುಜುಗರ. "ಅಯ್ಯೋ, ನಾಲ್ಕು ವರ್ಷ ಆಯ್ತು, ಬಿಡಿ ಅಕ್ಕ."

"ಬಿಡೋಕಾಗಲ್ಲ ಸಾರ್. ಗ್ರೂಪಲ್ಲಿ ಬರೆದಿದ್ರಲ್ಲ, ಅಲ್ಲೇ ಬರೀರಿ."

"ಆಯ್ತು, ಮೆಷರ್‌ಮೆಂಟ್ ಪ್ರಾಬ್ಲಂ ಅಂತ ಹಾಕ್ತೀನಿ."

"ಪ್ರಾಬ್ಲಂಗೆ ಹೆಸರಿಲ್ವಾ? ಜಯಮ್ಮನ ತಪ್ಪು ಅಂತ ಹಾಕಿ. ವೆಲ್ಡರ್ ಅನ್ವರ್ ಭಾಯ್ ತಪ್ಪಲ್ಲ ಅಂತಾನೂ ಹಾಕಿ. ಟ್ಯಾಂಕ್ ಫೋಟೋ ಹಾಕಿ."

"ನಿಮಗೇ ಲಾಸ್ ಅಕ್ಕ."

"ಹಾಕಿ ಸಾರ್."

ಜೀವನದಲ್ಲಿ ನನ್ನ ವಿರುದ್ಧವೇ ನಾನು ಚೌಕಾಸಿ ಮಾಡಿದ್ದು ಅದೊಂದೇ ಸಲ. ಅವರು ಬರೆದು ತೋರಿಸುವವರೆಗೂ ಕದಲಲಿಲ್ಲ. ಆಮೇಲೆ ಗಣಿಗಳ ಆಫೀಸುಗಳಿಗೂ ಹೋಗಿ ಹೇಳಿ ಬಂದೆ. ಒಬ್ಬ ಸಾಹುಕಾರರು ನಕ್ಕರು, ಇನ್ನೊಬ್ಬರು ಅಲ್ಲೇ ನನ್ನ ಆರ್ಡರು ರದ್ದು ಮಾಡಿದರು. ಎರಡೂ ನ್ಯಾಯವೇ.

ಅದಾದ ಮೇಲೆ ಮಾದನಾಯಕನಹಳ್ಳಿಯ ಬಸ್ಸಿನಿಂದ ಇಳಿದೆ. ಅನ್ವರ್ ಭಾಯ್ ಅಂಗಡಿಯ ಮುಂದೆ ಒಂದು ದೊಡ್ಡ ಗೇಟಿನ ಚೌಕಟ್ಟು ಮಲಗಿತ್ತು. ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಸ್ಟೂಲು ಸರಿಸಿ ಕೂರಿಸಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬಂಡೆ ಮೈದಾನ, ರಟ್ಟು, ಗ್ರೂಪು, ಗಣಿಯ ಆಫೀಸು. ಇಬ್ಬರು ಲಾರಿಯವರು ಆಗಲೇ ಭಾಯ್‌ಗೆ ಫೋನ್ ಮಾಡಿದ್ದರಂತೆ, ವಿಷಯ ಅವರಿಗೆ ಗೊತ್ತಿತ್ತು. ಹೇಳಿ ಮುಗಿಸಿ, ಒಳ್ಳೆಯ ವ್ಯಾಪಾರ ಕುದುರಿಸಿದವಳ ಹಾಗೆ ಅವರ ಮುಖ ನೋಡಿದೆ.

"ಅವರಿಗೆಲ್ಲ ಹೇಳಿದ್ರಿ," ಎಂದರು ಭಾಯ್. "ನಂಗಿನ್ನೂ ಹೇಳಿಲ್ಲ."

ನಾನು ಇಷ್ಟು ವರ್ಷ ಮಾತಿನಿಂದಲೇ ಬದುಕಿದವಳು. ರಸ್ತೆಯಲ್ಲಿ ಒಂದರ ಹಿಂದೊಂದು ಕಂಟೇನರ್ ಲಾರಿಗಳು ಹೋದವು.

"ಅವತ್ತು ನಾನು ಕಲ್ಲು ಹತ್ತಿಸಿರಲಿಲ್ಲ ಭಾಯ್," ಎಂದೆ. "ನೀವು ಕೇಳಿದ್ರಿ. ಹತ್ತಿಸಿದೆ ಅಂದೆ."

"ಹೂಂ," ಎಂದರು. ಕೈಗವಸು ಕಳಚಿ ಗೇಟಿನ ಮೇಲಿಟ್ಟು, "ಚಾ ತರಿಸ್ತೀನಿ," ಎಂದರು.

ಚಾ ಕುಡಿಯುತ್ತಾ, ವಾಪಸ್ಸು ಬನ್ನಿ ಎಂದು ಕೇಳಿದೆ. ಅಡ್ಡಡ್ಡ ತಲೆಯಾಡಿಸಿದರು. "ಇಲ್ಲ ಜಯಮ್ಮ. ಲಾರಿ ಬಂದ್ರೆ ಇಲ್ಲೇ ಮಾಡ್ತೀನಿ. ಅಲ್ಲಿಗೆ ಬರಲ್ಲ." ಕೋಪವಿರಲಿಲ್ಲ ಮಾತಿನಲ್ಲಿ. ಅದಕ್ಕೇ ಚೌಕಾಸಿಗೆ ಜಾಗವೂ ಇರಲಿಲ್ಲ. ಆರು ತಿಂಗಳಿಗೆ ನಾನು ಷೆಡ್ಡು ಬಿಟ್ಟೆ.

ಅವತ್ತು ಚಾ ಮುಗಿಸಿ ಹೊರಡಲು ಎದ್ದಾಗ ಅವರು ಗೇಟಿನ ಕಡೆ ಕೈ ತೋರಿಸಿದರು. "ಇದೊಂದು ಮೂಲೆ ಓರೆ ಕಾಣ್ತಾ ಇದೆ. ಸ್ವಲ್ಪ ಅಳೆದು ಕೊಡ್ತೀರಾ?"

ಮೊಣಕಾಲೂರಿ ಕೂತು ಮೂಲೆಯಿಂದ ಮೂಲೆಗೆ ಅಳೆದು ಅಂಕಿ ಹೇಳಿದೆ. ನಮ್ಮ ಷೆಡ್ಡಿನಲ್ಲಿ ನಾನು ಹೇಳಿದ ಅಂಕಿಯನ್ನು ಅವರು ಎಂದೂ ಮತ್ತೆ ಅಳೆದವರಲ್ಲ. ಕೇಳಿದ ತಕ್ಷಣ ಕೆಲಸಕ್ಕೆ ಬಗ್ಗುತ್ತಿದ್ದರು. ಅವತ್ತು ಅವರು ನನ್ನ ಕೈಯಿಂದ ಟೇಪು ತೆಗೆದುಕೊಂಡು, ಅದೇ ಮೂಲೆಗೆ ಸಿಕ್ಕಿಸಿ, ನಿಧಾನವಾಗಿ ಎಳೆದು, ಕನ್ನಡಕ ಸರಿಮಾಡಿಕೊಂಡು ಓದಿದರು.

ನನ್ನ ಅಂಕಿಯೇ ಬಂತು. "ಸರಿ ಇದೆ," ಎಂದು ಬರೆದುಕೊಂಡರು.